ಕುಷ್ಟಗಿಯ ಬೋರ್ ನೀರು, ಮೂತಿ ಕಟ್ಟಿದ ವಾಟರ್ ಫ್ಲಾಸರ್: ಒಂದು ಪ್ರಕರಣ

ನಾಲ್ಕು ತಿಂಗಳ ಹಿಂದೆ ಆನ್‌ಲೈನಿನಲ್ಲಿ ತರಿಸಿದ ಯಂತ್ರ ಬಚ್ಚಲುಮನೆಯ ಗೂಡಿನಲ್ಲಿ ಧೂಳು ಹಿಡಿದು ಕೂತಿತ್ತು. 300 ಮಿಲಿಲೀಟರ್ ಟ್ಯಾಂಕಿನ ಕಾರ್ಡ್‌ಲೆಸ್ ವಾಟರ್ ಫ್ಲಾಸರ್, ಅಂದರೆ ಹಲ್ಲುಸಂದಿಗೆ ನೀರು ಚಿಮ್ಮಿಸಿ ಕೊಳೆ ತೆಗೆಯುವ ಯಂತ್ರ; ಮೂರು ಮೋಡ್, ನಾಲ್ಕು ನಾಜಲ್ (ನೀರು ಚಿಮ್ಮುವ ಮೂತಿ), ಬೆಲೆ ಎರಡು ಸಾವಿರದೊಳಗೆ. ಮನೆಯವರ ತೀರ್ಪು ಆಗಲೇ ಹೊರಬಿದ್ದಿತ್ತು: "ಇದರಾಗ ದಮ್ಮಿಲ್ರಿ, ರೊಕ್ಕ ದಂಡ." ದೂರು ಮೂರು. ತಾಯಿಗೆ ಮೊದಲ ದಿನವೇ ವಸಡಿನಿಂದ ರಕ್ತ ಬಂತು, ನಾಲ್ಕನೇ ದಿನಕ್ಕೆ ಕೈಬಿಟ್ಟರು. ಮಗಳು ಬಿಡದೆ ಬಳಸಿದಳು. ಮೂರನೇ ತಿಂಗಳು ದಾಟುವಷ್ಟರಲ್ಲಿ ನೀರಿನ ಜೋರು ಇಳಿದು ಹೋಯಿತು. ಮೂರನೆಯದು, ಹೊಸ ಫೋನಿನ ಚಾರ್ಜರಿಗೆ ಹಾಕಿದರೆ ಚಾರ್ಜೇ ಆಗುವುದಿಲ್ಲ. ಮೂರಕ್ಕೂ ಬೈಸಿಕೊಂಡದ್ದು ಯಂತ್ರ. ಬಿಚ್ಚಿ ನೋಡಿದಾಗ ಒಂದರ ಬೇರು ತಾಯಿಯ ಬಾಯಲ್ಲಿತ್ತು, ಒಂದರದು ಬೋರ್‌ವೆಲ್ಲಿನಲ್ಲಿತ್ತು. ಯಂತ್ರದ ಪಾಲಿಗೆ ಉಳಿದದ್ದು ಚಾರ್ಜಿನ ದೂರು ಮಾತ್ರ.

ಇದು ಮಾದರಿ ಪ್ರಕರಣ. ಯಾವುದೋ ಒಂದು ಮನೆಯ ದಾಖಲೆಯಲ್ಲ. ಕೊಪ್ಪಳ ಜಿಲ್ಲೆಯ ಈ ಕುಷ್ಟಗಿ ಭಾಗದ ಮನೆಗಳಲ್ಲಿ ಬೇರೆ ಬೇರೆಯಾಗಿ ಕಾಣುವ ತೊಂದರೆಗಳನ್ನು ಒಂದೇ ಸೂರಿನಡಿ ತಂದು ಬರೆದದ್ದು. ಅಳತೆಗಳು ಈ ಮಾದರಿಯವು, ಆದರೆ ಅವುಗಳ ಹಿಂದಿನ ಲೆಕ್ಕ ಎಲ್ಲಿಯಾದರೂ ಅದೇ.

ಮನೆ, ಬಾಯಿ, ನೀರು

ತಾಯಿಗೆ 48. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಕೆಳಗಿನ ಬಲಬದಿಯ ಮೊದಲ ದವಡೆ ಹಲ್ಲು ತೆಗೆಸಿ ಅಲ್ಲಿಗೆ ಮೂರು ಹಲ್ಲಿನ ಬ್ರಿಡ್ಜ್ ಹಾಕಿಸಿದ್ದಾರೆ, ಅಂದರೆ ಆಚೀಚಿನ ಎರಡು ಹಲ್ಲಿಗೆ ಕ್ಯಾಪ್, ನಡುವೆ ತೂಗುವ ಕೃತಕ ಹಲ್ಲು. ಆ ನಡುವಿನ ಹಲ್ಲಿಗೆ ಬೇರಿಲ್ಲ. ವಸಡಿನ ಮೇಲೆ ಸುಮ್ಮನೆ ಕೂತಿರುತ್ತದೆ. ಮೂರೂ ಒಂದಕ್ಕೊಂದು ಬೆಸೆದಿರುವುದರಿಂದ ಹಲ್ಲುಸಂದಿ ಸ್ವಚ್ಛ ಮಾಡುವ ದಾರವನ್ನು ಮೇಲಿನಿಂದ ಇಳಿಸಲು ಬರುವುದಿಲ್ಲ. ಜೋಳದ ಹೊಟ್ಟು, ಶೇಂಗಾ ಚಟ್ನಿಯ ಸಿಪ್ಪೆ, ಸಜ್ಜಿ ರೊಟ್ಟಿಯ ಎಳ್ಳು ಎಲ್ಲವೂ ಆ ಸುರಂಗದಲ್ಲಿ ಮನೆ ಮಾಡುತ್ತವೆ. ಮಗಳಿಗೆ 17, ಪಿಯುಸಿ, ಹಲ್ಲಿಗೆ ಕ್ಲಿಪ್ ಹಾಕಿಸಿ ಎಂಟು ತಿಂಗಳು. ತಂದೆಗೆ 54, ದಿನಕ್ಕೊಂದು ಕಟ್ಟು ಬೀಡಿ; ಯಂತ್ರವನ್ನು ಮುಟ್ಟಿಲ್ಲ. "ನನಗ ರಕ್ತಾನ ಬರಂಗಿಲ್ಲ, ನನ್ನ ವಸಡು ಗಟ್ಟಿ ಅದಾವ" ಅನ್ನುವುದು ಅವರ ವಾದ. ಈ ಮಾತಿಗೆ ಕೊನೆಯಲ್ಲಿ ಬರೋಣ.

ಮನೆಗೆ ಬರುವ ನೀರು ಎರಡು ಬಗೆ. ಬಳಕೆಗೆ ಬೋರಿನ ನೀರು. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿಗೆ ಏರಿ ಅಲ್ಲಿಂದ ನಲ್ಲಿಗೆ. ಕುಡಿಯಲು ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್. ಟಿಡಿಎಸ್ ಮೀಟರ್, ಅಂದರೆ ಲೀಟರ್ ನೀರಿನಲ್ಲಿ ಕರಗಿದ ಲವಣ ಎಷ್ಟು ಮಿಲಿಗ್ರಾಂ ಎಂದು ತೋರಿಸುವ ಮೀಟರ್, ಅದ್ದಿದರೆ ಬೋರಿನ ನೀರು 1,340 ತೋರಿಸಿತು, ಕ್ಯಾನಿನದು 70. ಬೋರಿನ ನೀರಿನ ಸುಣ್ಣದಂಶ ಹೇಳುವ ಗಡಸುತನ ಲೀಟರಿಗೆ 620 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನ 200 ದಾಟದಿರಲಿ ಅನ್ನುತ್ತದೆ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅನ್ನುತ್ತದೆ. ಈ ನೀರು ಅದನ್ನೂ ದಾಟಿದೆ. ಕುಷ್ಟಗಿ ಕಡೆ ಬೋರಿನ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಮೀಟರೇನೂ ಬೇಕಿಲ್ಲ.

ಯಂತ್ರ ಕೊಳ್ಳುವಾಗ ಮನೆಯವರು ನೋಡಿದ್ದು ಪೆಟ್ಟಿಗೆಯ ಮೇಲಿನ ಪಿಎಸ್‌ಐ (ನೀರಿನ ಒತ್ತಡದ) ಅಂಕಿ, ನಾಜಲ್‌ಗಳ ಸಂಖ್ಯೆ, ಜನ ಕೊಟ್ಟ ನಕ್ಷತ್ರ. ಯಾವ ನೀರು ಹಾಕುತ್ತೇವೆ ಅನ್ನುವ ಪ್ರಶ್ನೆ ಯಾರ ತಲೆಗೂ ಬರಲಿಲ್ಲ. ಪುಸ್ತಿಕೆಯಲ್ಲಿ 'ನಲ್ಲಿ ನೀರು ಬಳಸಿ' ಎಂದು ಬರೆದಿತ್ತು. ಬರೆದವರ ಮನಸ್ಸಿನಲ್ಲಿದ್ದ ನಲ್ಲಿ ಕುಷ್ಟಗಿಯದಲ್ಲ.

ಮೊದಲ ನಾಲ್ಕು ದಿನ

ಮೊದಲ ರಾತ್ರಿ ಬೋರಿನ ತಣ್ಣೀರು ತುಂಬಿ, ಗುಂಡಿ ಒತ್ತಿದಾಗ ಯಾವ ಮೋಡ್‌ನಲ್ಲಿತ್ತೋ ಅದರಲ್ಲೇ, ಬಾಯಿ ತೆರೆದುಕೊಂಡೇ ಶುರು ಮಾಡಿದರು. ಕನ್ನಡಿ, ಗೋಡೆ, ಸೀರೆಯ ಸೆರಗು ಎಲ್ಲ ತೊಯ್ದವು. ಮಗಳು ಬಾಗಿಲಲ್ಲಿ ನಿಂತು, "ಯವ್ವಾ, ಕಡಿಮಿ ಮಾಡ್ಕೋ, ಅದು ಜೋರಿನ್ಯಾಗ ಐತಿ" ಅನ್ನುವಷ್ಟರಲ್ಲಿ ಬೇಸಿನ್ನಿನಲ್ಲಿ ಕೆಂಪು ನೀರು.

ಇಲ್ಲಿ ಎರಡು ಸಂಗತಿ ಬೆರೆತಿವೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ತಾಯಿಗೆ ಗಟ್ಟಿ ಗಾರೆ ಕಟ್ಟಿತ್ತು. ಗಾರೆಯ ಪಕ್ಕದ ವಸಡು ಯಾವಾಗಲೂ ಉಬ್ಬಿ ಕೆಂಪಾಗಿರುತ್ತದೆ. ಅದರ ಒಳಪದರ ತೆಳುವಾಗಿ ಅಲ್ಲಲ್ಲಿ ಹುಣ್ಣಾಗಿರುತ್ತದೆ. ಬ್ರಷ್ ತಾಗಿದರೂ ನೀರು ತಾಗಿದರೂ ಅದು ಒಸರುತ್ತದೆ. ಹೀಗೆ ಬರುವ ರಕ್ತ ಯಂತ್ರ ಮಾಡಿದ ಗಾಯದ್ದಲ್ಲ, ಮೊದಲೇ ಇದ್ದ ಉರಿಯೂತದ್ದು. ಆದರೆ ಯಂತ್ರದಿಂದ ಪೆಟ್ಟೇ ಆಗಲಿಲ್ಲ ಅನ್ನುವಂತೆಯೂ ಇಲ್ಲ. ಬಲ ಮೇಲಿನ ಕೋರೆಹಲ್ಲಿನ ಬಳಿ ವಸಡಿನ ಅಂಚು ಕೆರೆದಂತೆ ಆಗಿತ್ತು. ನಾಜಲನ್ನು ಹಲ್ಲಿಗೆ ನೇರ ಹಿಡಿಯದೆ ವಸಡಿನೊಳಕ್ಕೆ ತಿರುಗಿಸಿ, ಹೆಚ್ಚಿನ ಜೋರಿನಲ್ಲಿ ಒಂದೇ ಕಡೆ ನಿಲ್ಲಿಸಿದ್ದರಿಂದ ಬಂದ ಪೆಟ್ಟು ಅದು.

ಗಾರೆಯನ್ನು ಯಾವ ನೀರಿನ ಯಂತ್ರವೂ ಕೀಳುವುದಿಲ್ಲ. ಹಲ್ಲಿನ ಮೇಲಿನ ಮೆತ್ತನೆ ಪಾಚಿಗೆ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿಯಾದದ್ದು ಗಾರೆ. ಅದಕ್ಕೆ ದಂತ ವೈದ್ಯರ ಸ್ಕೇಲಿಂಗೇ, ಅಂದರೆ ಉಪಕರಣದಿಂದ ಗಾರೆ ಕಿತ್ತು ತೆಗೆಯುವುದೇ ಬೇಕು. ಹಾಗಾಗಿ ಕ್ರಮ ತಲೆಕೆಳಗಾಗಿತ್ತು. ಮೊದಲು ಸ್ಕೇಲಿಂಗ್ ಮಾಡಿಸಿ, ಆಮೇಲೆ ಮತ್ತೆ ಕಟ್ಟದ ಹಾಗೆ ಯಂತ್ರ ಬಳಸಬೇಕಿತ್ತು. ಇಲ್ಲಿ ಯಂತ್ರ ಮೊದಲು ಬಂತು, ವೈದ್ಯರ ಬಳಿ ಹೋದದ್ದು ನಾಲ್ಕು ತಿಂಗಳ ಮೇಲೆ. ಅಲ್ಲಿ ವಸಡಿನ ಸಂಚಿಯ, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ ಅಳೆದಾಗ ಹಲವು ಕಡೆ 4 ಮಿಲಿಮೀಟರ್, ಎರಡು ಕಡೆ 5 ಬಂತು. 3ರವರೆಗೆ ಇದ್ದರೆ ಚಿಂತೆಯಿಲ್ಲ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ರೋಗ ಬೇಗ ಬಲಿಯುತ್ತದೆ, ವಸಡಿನ ಉರಿಯೂತ ತಿರುಗಿ ಸಕ್ಕರೆಯನ್ನೂ ಏರಿಸುತ್ತದೆ. ಇವರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.1 ಇತ್ತು. ವೈದ್ಯರು ಹೇಳಿದ್ದು ಇಷ್ಟು: "ಅಕ್ಕಾರ, ರಕ್ತ ಬರ್ತೈತಂತ ಬಿಡಬ್ಯಾಡ್ರಿ. ರಕ್ತ ಬರೋ ಜಾಗಾನ ಮೊದಲು ಸ್ವಚ್ಛ ಆಗಬೇಕು."

ಸ್ಕೇಲಿಂಗ್ ಆಗಿ ಸರಿಯಾಗಿ ಬಳಸಿದರೆ ರಕ್ತ ಒಂದೆರಡು ವಾರದಲ್ಲಿ ಇಳಿಯಬೇಕು. ಎರಡು ವಾರ ದಾಟಿಯೂ ಬರುತ್ತಿದ್ದರೆ, ಕೀವು ಕಂಡರೆ, ಹಲ್ಲು ಅಲುಗಿದರೆ, ಮುಖ ಊದಿದರೆ ಯಂತ್ರ ಬದಿಗಿಟ್ಟು ತೋರಿಸಬೇಕು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಹೃದಯದ ವಾಲ್ವ್ ಬದಲಾಯಿಸಿಕೊಂಡವರು ಕೇಳಿಯೇ ಶುರು ಮಾಡಬೇಕು. ಹಲ್ಲು ಕೀಳಿಸಿದ ಗುಳಿಗಂತೂ ವೈದ್ಯರು ಸರಿ ಅನ್ನುವವರೆಗೆ ಚಿಮ್ಮುವ ನೀರಿನ ಜೆಟ್ ತೋರಿಸಲೇಬಾರದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕೊಚ್ಚಿಹೋದರೆ ತಡೆಯಲಾಗದ ನೋವು.

ಜೋರು ಹೋದದ್ದು ಎಲ್ಲಿ

ಈ ಯಂತ್ರಗಳ ಒಳಗೆ ಅಂಥ ಗುಟ್ಟೇನಿಲ್ಲ. ಸಣ್ಣ ಮೋಟಾರು, ಅದರ ತುದಿಗೆ ಹಿಂದೆ ಮುಂದೆ ಓಡುವ ಪಿಸ್ಟನ್, ನೀರು ಒಂದೇ ದಿಕ್ಕಿಗೆ ಹರಿಯುವಂತೆ ತಡೆಯುವ ಎರಡು ಪುಟ್ಟ ವಾಲ್ವ್. ಪಿಸ್ಟನ್ ಹಿಂದೆ ಸರಿದಾಗ ಟ್ಯಾಂಕಿನಿಂದ ನೀರು ಎಳೆಯುತ್ತದೆ, ಮುಂದೆ ಬಂದಾಗ ನಾಜಲಿನಿಂದ ಚಿಮ್ಮಿಸುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಬಾರಿ. ಚಿಮ್ಮಿ, ಬಿಟ್ಟು, ಮತ್ತೆ ಚಿಮ್ಮುವುದೇ ಇದರ ಕಸುಬು: ನೀರು ಬಡಿದಾಗ ವಸಡಿನ ಅಂಚು ಒತ್ತಿಕೊಳ್ಳುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ, ಆ ಬಿಡುವಿನಲ್ಲಿ ಒಳಗಿನ ಕೊಳೆ ಹೊರಬರುತ್ತದೆ. 1962ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಒಬ್ಬ ದಂತ ವೈದ್ಯರೂ ಒಬ್ಬ ಎಂಜಿನಿಯರರೂ ಸೇರಿ ಮೊದಲ ಯಂತ್ರ ಮಾಡಿದರು. ಮೂಲ ತತ್ವ ಇವತ್ತಿಗೂ ಅದೇ.

ಹಾಗಿದ್ದರೆ ಜೋರು ಹೋಗಲು ದಾರಿ ಬೆರಳೆಣಿಕೆಯಷ್ಟು. ನಾಜಲ್ ಕಟ್ಟಿರಬೇಕು, ನೀರೆಳೆಯುವ ಕೊಳವೆಯ ಜಾಲರಿ ಕಟ್ಟಿರಬೇಕು, ವಾಲ್ವ್ ಪೂರ್ತಿ ಮುಚ್ಚದೆ ಸೋರುತ್ತಿರಬೇಕು, ಕೊಳವೆ ಗಾಳಿ ಎಳೆಯುತ್ತಿರಬೇಕು, ಇಲ್ಲವೇ ಬ್ಯಾಟರಿ ಸೋತಿರಬೇಕು. ಯಾವುದು ಎಂದು ತಿಳಿಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಪೂರ್ತಿ ಚಾರ್ಜ್ ಮಾಡಿ, ಟ್ಯಾಂಕನ್ನು 300ರ ಗೆರೆವರೆಗೆ ತುಂಬಿ, ಹೆಚ್ಚಿನ ಮೋಡ್‌ನಲ್ಲಿ ಚೊಂಬಿಗೆ ಬಿಡಿ. ಬರಿದಾಗಲು ಎಷ್ಟು ಹೊತ್ತು ಎಂದು ನೋಡಿ. ಮಗಳು ಬಳಸುತ್ತಿದ್ದ ನಾಜಲಿನಲ್ಲಿ 1 ನಿಮಿಷ 55 ಸೆಕೆಂಡ್ ಹಿಡಿಯಿತು. ಪೆಟ್ಟಿಗೆಯಲ್ಲಿ ಬಳಸದೆ ಉಳಿದಿದ್ದ ಅದೇ ಬಗೆಯ ಇನ್ನೊಂದು ನಾಜಲ್ ಹಾಕಿದಾಗ 1 ನಿಮಿಷ 8 ಸೆಕೆಂಡ್. ಅಂದರೆ ದೊಡ್ಡ ತಡೆ ನಾಜಲಿನಲ್ಲೇ. ಮಿಕ್ಕದ್ದು ಹಿಂದೆ ಎಲ್ಲೋ ಇದೆ. ಬಳಸದ ನಾಜಲೊಂದನ್ನು ಹೀಗೆ ಅಳತೆಗೋಲಾಗಿ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಹೊಸತರಲ್ಲಿ ಎಷ್ಟು ಸೆಕೆಂಡ್ ಹಿಡಿಯುತ್ತಿತ್ತು ಎಂದು ಯಾರೂ ಬರೆದಿಡುವುದಿಲ್ಲವಲ್ಲ.

ಹಳೆಯ ನಾಜಲನ್ನು ಬೆಳಕಿಗೆ ಹಿಡಿದು ನೋಡಿದರೆ ತುದಿಯ ತೂತಿನ ಸುತ್ತ ಬಿಳಿ ಬಳೆ. ತೂತು ಮೊದಲೇ ಒಂದು ಮಿಲಿಮೀಟರಿಗಿಂತ ಸಣ್ಣದು. ಅದರ ಅರ್ಧಚಂದ್ರ ಮಾತ್ರ ತೆರೆದಿತ್ತು. ನೀರು ನೆಟ್ಟಗೆ ಹೋಗದೆ ಎಡಕ್ಕೆ ಸೊಟ್ಟಗೆ ಚಿಮ್ಮುತ್ತಿತ್ತು. ಮಗಳು ತಿಂಗಳಿಂದ ಕೈಯನ್ನೇ ಬಲಕ್ಕೆ ವಾಲಿಸಿ ಸರಿದೂಗಿಸುತ್ತಿದ್ದಳಂತೆ, ಅವಳಿಗೇ ಗೊತ್ತಿರಲಿಲ್ಲ. ಕೊಳವೆಯ ತುದಿಯ ಜಾಲರಿಯಲ್ಲಿ ಹಿಟ್ಟಿನಂಥ ನುಣ್ಣನೆ ಮರಳು. ಟ್ಯಾಂಕಿನ ತಳದಲ್ಲಿ ಬಿಳಿ ಪೊರೆ, ಮೂಲೆಯಲ್ಲಿ ತಿಳಿಗುಲಾಬಿ ಲೋಳೆ. ಆ ಲೋಳೆ ಬ್ಯಾಕ್ಟೀರಿಯಾದ್ದು. ದಿನಾ ರಾತ್ರಿ ಅದನ್ನೇ ವಸಡಿನೊಳಗೆ ಚಿಮ್ಮಿಸಿಕೊಂಡಂತಾಯಿತು.

ಬಿಳಿ ಬಳೆ ಕಟ್ಟುವ ಲೆಕ್ಕ ಸುಲಭ. ಬಳಸಿ ಇಟ್ಟ ಮೇಲೆ ನಾಜಲ್ ಮತ್ತು ಪಂಪಿನಲ್ಲಿ ಸುಮಾರು ಒಂದು ಮಿಲಿಲೀಟರ್ ನೀರು ಉಳಿಯುತ್ತದೆ ಎಂದುಕೊಳ್ಳಿ. 1,340 ಟಿಡಿಎಸ್‌ನ ನೀರು ಒಂದು ಮಿಲಿ ಒಣಗಿದರೆ 1.3 ಮಿಲಿಗ್ರಾಂ ಉಪ್ಪು ಹಿಂದುಳಿಯುತ್ತದೆ. ನೂರು ರಾತ್ರಿಗೆ 130 ಮಿಲಿಗ್ರಾಂ. ಇದರಲ್ಲಿ ಸೋಡಿಯಂ ಉಪ್ಪುಗಳು ಮರುದಿನದ ನೀರಿಗೆ ಕರಗಿ ಹೋಗುತ್ತವೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕರಗದೆ ಕೂರುತ್ತದೆ. ಬೆರಳಿಗೆ ಹತ್ತಿದರೆ ಚಿಟಿಕೆಯಷ್ಟೇ. ಮಿಲಿಮೀಟರಿನ ತೂತಿಗೆ ಅಷ್ಟು ಬೇಕಾದಷ್ಟಾಯಿತು. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಒಣಗುವುದೂ ಬೇಗ.

ಕರಗಿಸಿದ ಬಗೆ ಹೀಗೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಳಿ ಸಿಂಥೆಟಿಕ್ ವಿನೆಗರ್, ಗೋಬಿ ಮಂಚೂರಿಗೆ ಹಾಕುವುದೇ. ನಾಜಲನ್ನು ವಿನೆಗರ್ ಮತ್ತು ನೀರು ಸಮಸಮ ಬೆರೆಸಿದ ಬಟ್ಟಲಿನಲ್ಲಿ ಅರ್ಧ ಗಂಟೆ ಮುಳುಗಿಸಿದರು. ತೂತಿನಿಂದ ಸಣ್ಣ ಗುಳ್ಳೆ ಏಳತೊಡಗಿದವು, ಸುಣ್ಣ ಕರಗುತ್ತಿರುವ ಗುರುತು. ಗುಳ್ಳೆ ನಿಂತ ಮೇಲೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಹೊರಗೆ ಉಜ್ಜಿ ತೊಳೆದರು. ಯಂತ್ರದ ಒಳಗಿಗೆ 270 ಮಿಲಿ ಬೆಚ್ಚನೆ ನೀರು, 30 ಮಿಲಿ ವಿನೆಗರ್ ಟ್ಯಾಂಕಿಗೆ ಹಾಕಿ ಅರ್ಧದಷ್ಟು ಓಡಿಸಿ ನಿಲ್ಲಿಸಿ, 20 ನಿಮಿಷ ಹಾಗೇ ಬಿಟ್ಟು, ಉಳಿದರ್ಧ ಓಡಿಸಿದರು. ಆಮೇಲೆ ಕ್ಯಾನ್ ನೀರು ಎರಡು ಟ್ಯಾಂಕ್ ಪೂರ್ತಿ ಓಡಿಸಿ ವಾಸನೆ ತೆಗೆದರು. ಮತ್ತೆ ಅಳೆದಾಗ 56 ಸೆಕೆಂಡ್.

ಇಲ್ಲಿ ಕೈ ತಪ್ಪುವುದು ಎರಡು ಕಡೆ. ಒಂದು, ಸೂಜಿ ಪಿನ್ನು ಹಾಕಿ ತೂತು ಬಿಡಿಸುವುದು. ಸುಣ್ಣದ ಜೊತೆ ಪ್ಲಾಸ್ಟಿಕ್ಕಿನ ಅಂಚೂ ಕಿತ್ತು ಬರುತ್ತದೆ, ಆಮೇಲೆ ಜೆಟ್ ಒಂದೆಳೆಯಾಗಿ ಬರದೆ ತುಂತುರಾಗುತ್ತದೆ. ಆ ನಾಜಲ್ ಕಸಕ್ಕೆ. ಇನ್ನೊಂದು, ಬಚ್ಚಲು ತೊಳೆಯುವ ಆಸಿಡ್. ಟೈಲ್ಸ್ ಮೇಲಿನ ಬಿಳಿ ಕಲೆಗೆ ಅದು ಬಿದ್ದ ತಕ್ಷಣ ಕೆಲಸ ಮಾಡುತ್ತದೆ ಎಂದು ಇದಕ್ಕೂ ಹಾಕುವವರಿದ್ದಾರೆ. ಒಳಗಿನ ರಬ್ಬರ್ ರಿಂಗು, ವಾಲ್ವಿನ ಸ್ಪ್ರಿಂಗು ಹೋಗುತ್ತವೆ. ಹೋಗದಿದ್ದರೂ ಅದೇ ಕೊಳವೆಯಿಂದ ನಾಳೆ ಬಾಯಿಗೆ ನೀರು ಬಿಡಬೇಕಲ್ಲ. ಬ್ಲೀಚಿಂಗ್ ನೀರೂ ಬೇಡ.

ಕ್ಯಾನ್ ನೀರಿನ ಲೆಕ್ಕ

ಪರಿಹಾರ ಗೂಡಿನ ಪಕ್ಕದಲ್ಲೇ ಇತ್ತು: ಕುಡಿಯುವ ಕ್ಯಾನ್. 'ಅದು ಕುಡಿಯೋ ನೀರು, ಬಾಯಿ ತೊಳಿಯಾಕ ಯಾಕ ಹಾಳು ಮಾಡ್ಬೇಕು' ಅನ್ನುವ ತಕರಾರು ಸಹಜ. ಲೆಕ್ಕ ನೋಡಿ. ಬಾಯಲ್ಲಿ 28 ಹಲ್ಲು. ಪ್ರತಿ ಹಲ್ಲಿಗೆ ಹೊರಬದಿ 2 ಸೆಕೆಂಡ್, ಒಳಬದಿ 2 ಸೆಕೆಂಡ್. ಒಟ್ಟು 112 ಸೆಕೆಂಡ್. ಟ್ಯಾಂಕ್ 56 ಸೆಕೆಂಡಿಗೆ ಬರಿದಾಗುತ್ತದೆ, ಅಂದರೆ ಒಬ್ಬರಿಗೆ ಎರಡು ಟ್ಯಾಂಕ್, 600 ಮಿಲಿ. ದಿನಕ್ಕೊಮ್ಮೆ ಇಬ್ಬರಿಗೆ 1.2 ಲೀಟರ್, ತಿಂಗಳಿಗೆ 36 ಲೀಟರ್. ಎರಡು ಕ್ಯಾನೂ ಪೂರ್ತಿ ಬೇಡ. ಸೋತು ಬಿಸಾಕುವ ಯಂತ್ರಕ್ಕಿಂತ ಅಗ್ಗ.

ಈ 112 ಸೆಕೆಂಡಿನ ಲೆಕ್ಕ ಇನ್ನೊಂದು ಗುಟ್ಟನ್ನೂ ಬಿಡಿಸಿತು. ಮಗಳು ಮೂರು ತಿಂಗಳು ತಪ್ಪದೆ ಬಳಸಿದರೂ ಕೆಳಗಿನ ಹಲ್ಲುಗಳ ಒಳಬದಿಯ ವಸಡು ಮಾತ್ರ ಉಬ್ಬಿಕೊಂಡೇ ಇತ್ತು. ಅವಳು ದಿನಾ ಮೇಲಿನ ಬಲ ಹೊರಬದಿಯಿಂದ ಶುರು ಮಾಡಿ ಒಂದೇ ಟ್ಯಾಂಕ್ ಬಳಸುತ್ತಿದ್ದಳು. ನೀರು ಮುಗಿದಲ್ಲಿಗೆ ಕೆಲಸವೂ ಮುಗಿಯುತ್ತಿತ್ತು, ಕೆಳಗಿನ ಒಳಬದಿಗೆ ಸರದಿಯೇ ಬರುತ್ತಿರಲಿಲ್ಲ. ಈಗ ಶುರು ಮಾಡುವುದೇ ಅಲ್ಲಿಂದ. ಕಷ್ಟದ ಜಾಗ ಮೊದಲು, ಕನ್ನಡಿಯಲ್ಲಿ ಕಾಣುವ ಮುಂದಿನ ಹಲ್ಲು ಕೊನೆಗೆ.

ಕ್ಯಾನ್ ನೀರೇ ಯಾಕೆ ಅನ್ನುವುದಕ್ಕೆ ಸುಣ್ಣವಲ್ಲದೆ ಮತ್ತೊಂದು ಕಾರಣವಿದೆ. ಬಾಯಿ ಮುಕ್ಕಳಿಸುವ ನೀರು ವಸಡಿನ ಮೇಲೆ ಹರಿದು ಹೋಗುತ್ತದೆ, ಜೆಟ್ಟಿನ ನೀರು ಸಂಚಿಯೊಳಗೆ ಹೋಗುತ್ತದೆ. ತಿಂಗಳಾನುಗಟ್ಟಲೆ ತೊಳೆಯದ ಮಾಳಿಗೆ ಟ್ಯಾಂಕಿನ ನೀರು ಅಲ್ಲಿಗೆ ಬೇಡ. ಕ್ಯಾನ್ ಇಲ್ಲದ ದಿನ ಕುದಿಸಿ ಆರಿಸಿ ಸೋಸಿದ ನೀರಾದೀತು. ಕುದಿಸಿದಾಗ ಸುಣ್ಣದ ಒಂದಷ್ಟು ಪಾಲು ಪಾತ್ರೆಯ ತಳಕ್ಕೇ ಕೂರುತ್ತದೆ. ಮೈಬಿಸಿಯಷ್ಟು ಬೆಚ್ಚಗಿರಲಿ. ಚಳಿಗಾಲದ ಬೆಳಗಿನ ತಣ್ಣೀರು ಜುಮ್ಮೆನ್ನಿಸುವ ಹಲ್ಲಿಗೆ ಚುಚ್ಚಿದಂತಾಗುತ್ತದೆ. ಬೇಸಿಗೆ ಮಧ್ಯಾಹ್ನ ಮಾಳಿಗೆ ಟ್ಯಾಂಕಿನಿಂದ ಇಳಿಯುವುದು ಚಹಾಕ್ಕೆ ಹತ್ತಿರದ್ದು.

ಉಪ್ಪು ಹಾಕಬಹುದೇ ಅನ್ನುವ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ಹಾಕಿದರೆ ಮುಗಿದ ಕೂಡಲೇ ಬರಿ ನೀರು ಒಂದು ಟ್ಯಾಂಕ್ ಓಡಿಸಲೇಬೇಕು. ಅದನ್ನು ದಿನಾ ಮಾಡುವವರು ಕಡಿಮೆ, ಆದ್ದರಿಂದ ಬೇಡ ಅನ್ನುವುದೇ ನಮ್ಮ ಸಲಹೆ. ಲವಂಗದೆಣ್ಣೆಯಂಥ ಎಣ್ಣೆ, ಅರಿಸಿನ, ತ್ರಿಫಲಾ ಪುಡಿ ಖಂಡಿತ ಬೇಡ. ಕೆಲಸ ಮಾಡುವುದು ನೀರಿನ ಬಡಿತ, ಅದರೊಳಗೆ ಬೆರೆಸಿದ್ದಲ್ಲ.

ಕೈ ಕೂಡುವ ಬಗೆ

ಬೇಸಿನ್ನಿನ ಮೇಲೆ ಮುಖ ಪೂರ್ತಿ ಬಗ್ಗಿಸಬೇಕು, ಗದ್ದ ಬೇಸಿನ್ನಿನ ಅಂಚಿಗೆ ಬರುವಷ್ಟು. ನಾಜಲ್ ಬಾಯೊಳಗೆ ಹೋದ ಮೇಲೆ ಗುಂಡಿ ಒತ್ತಬೇಕು, ನಿಲ್ಲಿಸಿದ ಮೇಲೆ ಹೊರತೆಗೆಯಬೇಕು. ತುಟಿ ಸಡಿಲವಾಗಿ ಮುಚ್ಚಿರಲಿ. ನೀರು ಬಾಯ ಮೂಲೆಯಿಂದ ತಾನೇ ಸುರಿಯುತ್ತದೆ, ನುಂಗುವುದೂ ಬೇಡ ಹಿಡಿದಿಡುವುದೂ ಬೇಡ. ಕನ್ನಡಿ ನೋಡುವ ಆಸೆಯಿಂದ ತಲೆ ಎತ್ತಿದರೆ ಅಂಗಿ ತೊಯ್ಯುತ್ತದೆ. ನಾಲ್ಕೈದು ದಿನಕ್ಕೆ ಕೈಗೆ ದಾರಿ ಗೊತ್ತಾಗುತ್ತದೆ, ಕನ್ನಡಿ ಬೇಕಾಗುವುದಿಲ್ಲ.

ಮೊದಲ ವಾರ ಅತಿ ಕಡಿಮೆ ಮೋಡ್. ನಾಜಲಿನ ತುದಿ ಹಲ್ಲಿಗೆ ನೆಟ್ಟಗೆ, ವಸಡು ಹಲ್ಲು ಕೂಡುವ ಗೆರೆಯ ಮೇಲೆ. ಆ ಗೆರೆಯ ಗುಂಟ ನಿಧಾನ ಸರಿಯುತ್ತಾ ಹಲ್ಲುಸಂದಿ ಬಂದಲ್ಲಿ ತುಸು ನಿಲ್ಲಬೇಕು. ತಾಯಿ ಎರಡನೇ ವಾರ ನಡುವಿನ ಮೋಡ್‌ಗೆ ಬಂದರು, ಅಲ್ಲೇ ಉಳಿದರು. ಮೂರನೆಯದು ಅವರಿಗೆ ಬೇಕಾಗಲೇ ಇಲ್ಲ.

ಬ್ರಿಡ್ಜ್‌ನ ಬಳಿ ಕೆಲಸ ಬೇರೆ. ಕೆನ್ನೆಯ ಬದಿಯಿಂದ ನಡುವಿನ ಹಲ್ಲಿನ ಬುಡಕ್ಕೆ ತುದಿ ತಂದು, ಮೊದಲು ಅದರ ಮುಂದಿನ ಸಂದಿಗೆ ಐದು ಸೆಕೆಂಡ್, ಆಮೇಲೆ ಹಿಂದಿನ ಸಂದಿಗೆ ಐದು ಸೆಕೆಂಡ್. ಮತ್ತೆ ನಾಲಿಗೆಯ ಬದಿಯಿಂದ ಅದೇ. ಮೊದಲ ಸಲ ಸರಿಯಾಗಿ ಮಾಡಿದ ರಾತ್ರಿ ಬೇಸಿನ್ನಿಗೆ ಬಿದ್ದದ್ದು ಕಂದು ಬಣ್ಣಕ್ಕೆ ತಿರುಗಿದ ಶೇಂಗಾ ಸಿಪ್ಪೆಯ ಚೂರು, ಎರಡು ಎಳ್ಳು, ದಾರದಂಥ ಒಂದು ಎಳೆ, ಜೊತೆಗೆ ಮೂಗಿಗೆ ಬಡಿಯುವ ವಾಸನೆ. ಸಿಪ್ಪೆ ಅಂದಿನ ಊಟದ್ದಂತೂ ಆಗಿರಲಿಲ್ಲ. ಬಾಯಿ ನಾರುತ್ತದೆ ಎಂದು ವರ್ಷದಿಂದ ಸೋಂಪು ಜಗಿಯುತ್ತಿದ್ದ ತಾಯಿಗೆ ಯಂತ್ರದ ಮೇಲೆ ನಂಬಿಕೆ ಹುಟ್ಟಿದ್ದು ಆ ಬೇಸಿನ್ ನೋಡಿಯೇ.

ನೀರು ಕೊಚ್ಚಿ ತರುವುದು ಸಡಿಲ ಕೊಳೆಯನ್ನು. ಹಲ್ಲಿಗೆ ಅಂಟಿದ ಪಾಚಿಯ ತೆಳು ಪದರಕ್ಕೆ ಉಜ್ಜುವಿಕೆ ಬೇಕು. ಅದಕ್ಕಾಗಿ ಬ್ರಿಡ್ಜ್‌ನ ಅಡಿಗೆ ವಾರಕ್ಕೆ ಮೂರು ಸಲ ಹಲ್ಲುಸಂದಿಯ ಪುಟ್ಟ ಬ್ರಷ್ ಕೂಡ ಹಾಕಿಸಿದರು. ಮನೆಯಲ್ಲಿ ಹಲ್ಲುಸಂದಿ ಸ್ವಚ್ಛ ಮಾಡುವ ಸಾಧನಗಳ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕೊಕ್ರೇನ್ ಪರಿಶೀಲನೆಯೂ ಎಚ್ಚರಿಕೆಯ ದನಿಯಲ್ಲೇ ಮಾತಾಡುತ್ತದೆ: ನೀರಿನ ಯಂತ್ರದಿಂದ ವಸಡಿನ ಉರಿಯೂತ ಸ್ವಲ್ಪ ಇಳಿಯಬಹುದು, ಪುರಾವೆಯ ಬಲ ಕಡಿಮೆ. ಸಂದಿಯೊಳಗೆ ಬ್ರಷ್ ಹೋಗುವಂತಿದ್ದು ಕೈಯೂ ಕೂಡಿದರೆ ಬ್ರಷ್ಷೇ ಸಾಕು. ಬ್ರಿಡ್ಜ್, ಕ್ಲಿಪ್, ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸಿದ ಕೃತಕ ಹಲ್ಲು) ಇದ್ದವರಿಗೆ, ಬೆರಳು ಬಗ್ಗದವರಿಗೆ ಯಂತ್ರದ ಬೆಲೆ ಹೆಚ್ಚು.

ಮಗಳಿಗೆ ಕ್ಲಿಪ್ಪಿನ ನಾಜಲ್, ತುದಿಯಲ್ಲಿ ಪುಟ್ಟ ಬ್ರಷ್ ಇರುವುದು. ಹಲ್ಲಿಗೆ ಅಂಟಿಸಿ ತಂತಿ ಹಿಡಿಸಿದ ಪ್ರತಿ ಬ್ರಾಕೆಟ್‌ಗೆ ತಂತಿಯ ಮೇಲೊಮ್ಮೆ ಕೆಳಗೊಮ್ಮೆ. ವಗ್ಗಾಣಿ ಮಿರ್ಚಿ ತಿಂದ ಸಂಜೆ ಕಡಲೆಹಿಟ್ಟು ತಂತಿಗೆ ಹೇಗೆ ಮೆತ್ತಿಕೊಳ್ಳುತ್ತದೆ ಎಂದು ಕ್ಲಿಪ್ ಹಾಕಿಸಿಕೊಂಡವರಿಗೇ ಗೊತ್ತು. ಮೊದಲು ಯಂತ್ರ, ಆಮೇಲೆ ಫ್ಲೋರೈಡ್ ಪೇಸ್ಟಿನಿಂದ ಎರಡು ನಿಮಿಷ ಬ್ರಷ್, ಉಗಿದ ಮೇಲೆ ಮತ್ತೆ ನೀರು ಮುಕ್ಕಳಿಸದಿರುವುದು. ಈ ಕ್ರಮದಲ್ಲಿ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ. ಬ್ರಷ್ ಇರುವ ನಾಜಲನ್ನು ಮೂರು ತಿಂಗಳಿಗೆ, ಸಾದಾ ನಾಜಲನ್ನು ಆರು ತಿಂಗಳಿಗೆ ಬದಲಾಯಿಸುವುದು ವಾಡಿಕೆ. ಒಬ್ಬರ ನಾಜಲ್ ಇನ್ನೊಬ್ಬರಿಗಿಲ್ಲ. ಬುಡದ ಬಣ್ಣದ ಉಂಗುರ ಇರುವುದೇ ಗುರುತಿಗೆ.

ಅವಳಿಗೆ ಇನ್ನೊಂದು ಆಸೆಯಿತ್ತು, ಮುಂದಿನ ಹಲ್ಲಿನ ಕಂದು ಗೆರೆ ಹೋದೀತೆಂದು. ಹೋಗುವುದಿಲ್ಲ. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಾನಕದ ಮೇಲ್ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅದನ್ನು ಮೀರಿದ ಬೋರುಗಳು ಈ ಸೀಮೆಯಲ್ಲಿ ಹೊಸತಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಆ ನೀರು ಕುಡಿದರೆ ಕಲೆ ಎನಾಮಲ್ಲಿನೊಳಗೇ ಕೂರುತ್ತದೆ. ಅದು ಮೇಲೆ ಅಂಟಿದ ಕೊಳೆಯಲ್ಲ. ಕ್ಲಿಪ್ ತೆಗೆದ ಮೇಲೆ ವೈದ್ಯರನ್ನು ಕೇಳಬೇಕಾದ ಬೇರೆಯೇ ವಿಷಯ.

ಇಡುವುದು, ಚಾರ್ಜು, ಮತ್ತೊಂದು ಕೊಳ್ಳುವುದಾದರೆ

ಮುಗಿದ ಮೇಲೆ ಟ್ಯಾಂಕ್ ಚೆಲ್ಲಿ, ಖಾಲಿಯಾಗಿಯೇ ಮೂರ್ನಾಲ್ಕು ಸೆಕೆಂಡ್ ಓಡಿಸಿ ಒಳಗಿನ ನೀರು ಹೊರದಬ್ಬಬೇಕು. ಅದಕ್ಕಿಂತ ಹೆಚ್ಚು ಹೊತ್ತು ಒಣ ಓಡಿಸಿದರೆ ಪಿಸ್ಟನ್ನಿನ ರಬ್ಬರ್ ಸವೆಯುತ್ತದೆ. ನಾಜಲ್ ಕಳಚಿ, ಟ್ಯಾಂಕಿನ ಮುಚ್ಚಳ ತೆರೆದು, ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಇಡುವುದು. ಕ್ಯಾನ್ ನೀರಾದರೆ ವಿನೆಗರ್ ಎರಡು ತಿಂಗಳಿಗೊಮ್ಮೆ, ಬೋರಿನ ನೀರೇ ಗತಿಯಾದರೆ ಹದಿನೈದು ದಿನಕ್ಕೊಮ್ಮೆ.

ಚಾರ್ಜಿನ ದೂರಿಗೆ ಕಾರಣ ಸಣ್ಣದು. ಯಂತ್ರಕ್ಕೆ ಟೈಪ್-ಸಿ ಕಿಂಡಿ ಇದ್ದರೂ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜರು 'ಆಚೆ ಸಾಧನ ಇದೆ' ಎಂದು ಗುರುತು ಸಿಕ್ಕಿದರೆ ಮಾತ್ರ ಕರೆಂಟ್ ಬಿಡುತ್ತದೆ. ಆ ಗುರುತು ಕೊಡುವ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಅಗ್ಗದ ಯಂತ್ರಗಳಲ್ಲಿ ಉಳಿತಾಯಕ್ಕೆಂದು ಹಾಕಿರುವುದಿಲ್ಲ. ಹಳೆಯ ಅಗಲ ಯುಎಸ್‌ಬಿ ಚಾರ್ಜರು, ಅದರ ಕೇಬಲ್ಲು ಹಾಕಿದೊಡನೆ ದೀಪ ಹತ್ತಿತು.

ಈ ಮನೆಯವರು ಇನ್ನೊಂದು ಕೊಳ್ಳುವುದಾದರೆ ಏನು ನೋಡಬೇಕು? ಮೊದಲು, ಟ್ಯಾಂಕ್ ಪೂರ್ತಿ ಕಳಚಿ ಬರುತ್ತದೆಯೇ, ಒಳಗೆ ಬೆರಳು ಅಥವಾ ಬಾಟಲಿ ಬ್ರಷ್ ಹೋಗುತ್ತದೆಯೇ. ಕಿರಿದಾದ ತೂತಿನಿಂದ ತುಂಬುವ ಟ್ಯಾಂಕನ್ನು ನಮ್ಮ ನೀರಿಗೆ ಕೊಳ್ಳಲೇಬಾರದು. ಎರಡನೆಯದು, ಅದೇ ನಾಜಲ್‌ಗಳು ಬಿಡಿಯಾಗಿ ಸಿಗುತ್ತವೆಯೇ. ಸಿಗದಿದ್ದರೆ ವರ್ಷದೊಳಗೆ ಯಂತ್ರವೇ ಕಸ. ನೀರೆಳೆಯುವ ಕೊಳವೆ ಮೆತ್ತನೆಯದಾಗಿ ತುದಿಗೆ ಭಾರ ಇದ್ದರೆ ಯಂತ್ರ ವಾಲಿಸಿದರೂ ತುದಿ ನೀರಲ್ಲೇ ಇರುತ್ತದೆ. ಗಟ್ಟಿ ಕೊಳವೆಯದು ಅರ್ಧ ಟ್ಯಾಂಕಿಗೇ ಗಾಳಿ ಎಳೆದು ಬುಸುಗುಟ್ಟುತ್ತದೆ. ಒದ್ದೆ ಕೈಯ ಸಾಮಾನಾದ್ದರಿಂದ ಐಪಿಎಕ್ಸ್7 ಇರಲಿ, ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಾಳುವಂಥದ್ದು.

ಪಿಎಸ್‌ಐ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಮೇಲೆ 140, 150 ಎಂದು ದೊಡ್ಡದಾಗಿ ಬರೆದಿರುತ್ತದೆ. ಮೇಜಿನ ಮೇಲಿಡುವ ಒಳ್ಳೆಯ ಯಂತ್ರಗಳೇ 10ರಿಂದ 100ರೊಳಗೆ ಕೆಲಸ ಮುಗಿಸುತ್ತವೆ. ಎಷ್ಟು ಮೇಲೆ ಹೋಗುತ್ತದೆ ಅನ್ನುವುದಕ್ಕಿಂತ ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದು ಮುಖ್ಯ; ರಕ್ತ ಬರುವ ವಸಡಿಗೆ ಶುರುವಾಗುವುದು ಕೆಳಗಿನಿಂದ. ಮೇಜಿನ ಯಂತ್ರದ ಟ್ಯಾಂಕ್ 600 ಮಿಲಿ ಅಥವಾ ಹೆಚ್ಚು, ಮಧ್ಯೆ ತುಂಬುವ ಗೋಜಿಲ್ಲ. ಆದರೆ ಬೇಸಿನ್ ಹತ್ತಿರ ಅರ್ತಿಂಗ್ ಇರುವ ಪ್ಲಗ್ ಬೇಕು, ಕರೆಂಟ್ ಹೋದರೆ ಅಲ್ಲಿಗೇ ನಿಂತಿತು. ಅಮೆರಿಕದಲ್ಲಿರುವ ಮಗ ಅಳಿಯ ತಂದುಕೊಡುವ ಮೇಜಿನ ಯಂತ್ರ 120 ವೋಲ್ಟಿನದು. ನಮ್ಮ 230ಕ್ಕೆ ಪಿನ್ ಬದಲಿಸಿ ಹಾಕಿದರೆ ಮೊದಲ ದಿನವೇ ಸುಟ್ಟೀತು.

ಮೂರು ತಿಂಗಳ ಮೇಲೆ

ಅದೇ ಯಂತ್ರ, ಅದೇ ಬ್ಯಾಟರಿ. ಟ್ಯಾಂಕ್ ಬರಿದಾಗಲು 58 ಸೆಕೆಂಡ್. ಮಗಳು ತಾರೀಖಿನೊಂದಿಗೆ ಪೆಟ್ಟಿಗೆಯ ಹಿಂದೆ ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ. ಅವಳ ಕೆಳಗಿನ ಒಳಬದಿಯ ವಸಡು ತಿಳಿಗೆಂಪಿಗೆ ಬಂದಿದೆ. ತಾಯಿಗೆ ಸ್ಕೇಲಿಂಗ್ ಆಗಿ ಹತ್ತನೇ ದಿನದ ಹೊತ್ತಿಗೆ ರಕ್ತ ನಿಂತಿತ್ತು. 4 ಮಿಲಿಮೀಟರ್ ಇದ್ದ ಜಾಗಗಳು ಹೆಚ್ಚಿನವು 3ಕ್ಕೆ ಇಳಿದಿವೆ. ಇದರಲ್ಲಿ ಸ್ಕೇಲಿಂಗಿನ ಪಾಲೆಷ್ಟು, ಯಂತ್ರದ ಪಾಲೆಷ್ಟು, ಅದೇ ತಿಂಗಳು ಬದಲಾದ ಸಕ್ಕರೆ ಮಾತ್ರೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ದೊಡ್ಡ ಪಾಲು ಸ್ಕೇಲಿಂಗಿನದೇ ಇರಬೇಕು.

ತಂದೆಯನ್ನೂ ಅಂದೇ ಕುರ್ಚಿಯಲ್ಲಿ ಕೂರಿಸಿ ಅಳೆದರು. ಹೊಗೆ ಎಳೆಯುವವರ ವಸಡಿನಲ್ಲಿ ರಕ್ತ ಒಸರುವುದು ಕಡಿಮೆ, ಒಳಗೆ ರೋಗ ಬಲಿತಿದ್ದರೂ ಹೊರಗೆ ಗುರುತು ಕಾಣುವುದಿಲ್ಲ. ಗಟ್ಟಿ ವಸಡಿನ ಅವರಿಗೆ ಎರಡು ದವಡೆ ಹಲ್ಲಿನ ಬಳಿ 6 ಮಿಲಿಮೀಟರ್ ಬಂತು. ಅಷ್ಟು ಆಳಕ್ಕೆ ಮನೆಯ ಯಂತ್ರ ನಂಬಿ ಕೂರುವಂತಿಲ್ಲ. ವಸಡಿನ ತಜ್ಞರಿಗೆ ಚೀಟಿ ಬರೆದುಕೊಟ್ಟಿದ್ದಾರೆ.

ತಾಯಿಗೆ ಬ್ರಿಡ್ಜ್‌ನ ಹಿಂಬದಿಯಲ್ಲಿ, ಕೊನೆಯ ಹಲ್ಲಿನ ಹಿಂದೆ, 5 ಮಿಲಿಮೀಟರ್ ಇನ್ನೂ ಹಾಗೇ ಇದೆ. ಅಲ್ಲಿಗೆ ನಾಜಲ್ ತಲುಪುತ್ತದೆ, ಕೈ ತಿರುಗುವುದಿಲ್ಲ. ರಬ್ಬರ್ ತುದಿಯ ಮೆತ್ತನೆ ನಾಜಲನ್ನು ಕಡಿಮೆ ಮೋಡ್‌ನಲ್ಲಿ, 45 ಡಿಗ್ರಿ ಓರೆಯಾಗಿ ಹಿಡಿಯುವುದನ್ನು ಎಡಗೈಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಮುಂದಿನ ಅಳತೆ ಮೂರು ತಿಂಗಳಿಗೆ.